ಮುಳ್ಳಪ್ಪನ ನಾಲ್ಕು ಸುತ್ತು

ತಕ್ಕಡಿಯ ನಡುವೆ ನಿಂತು ಎಡಕ್ಕೋ ಬಲಕ್ಕೋ ವಾಲುವ ಸೂಜಿಗೆ ಮುಳ್ಳು ಎನ್ನುತ್ತಾರೆ. ನಮ್ಮ ಬೀದಿಯ ಮೂವತ್ತೆರಡು ಅಂಗಡಿಗಳ ತಕ್ಕಡಿಗಳನ್ನು ಸರಿಮಾಡಿಕೊಡುವ ಮನುಷ್ಯನಿಗೆ ಅದರಿಂದಲೇ ಮುಳ್ಳಪ್ಪ ಎಂಬ ಹೆಸರು ಬಿದ್ದಿದೆ. ಈಗಿನ ತಕ್ಕಡಿಗಳಿಗೆ ಮುಳ್ಳೇ ಇಲ್ಲ, ಕೆಂಪು ಅಂಕಿಗಳು ಮಿಣುಕುತ್ತವೆ; ಹೆಸರು ಮಾತ್ರ ಹೋಗಿಲ್ಲ. ತಂದೆತಾಯಿ ಇಟ್ಟ ಹೆಸರು ಬೇರೆ ಇದ್ದೇ ಇದೆ, ಬಳಸುವವರು ಯಾರೂ ಇಲ್ಲ. ಸಿಟ್ಟು ಬಂದಾಗ ಅವನ ಹೆಂಡತಿಯೂ “ಏನ್ರೀ ಮುಳ್ಳಪ್ಪನೋರೇ” ಎಂದೇ ಶುರುಮಾಡುತ್ತಾಳೆ.

ನನ್ನದು ಮೊಳೆ, ಸ್ಕ್ರೂ, ಬೋಲ್ಟುಗಳ ಅಂಗಡಿ. ಎಲ್ಲವನ್ನೂ ತೂಕದ ಮೇಲೆ ಮಾರುತ್ತೇನೆ. ಹಾಗಾಗಿ ಮುಳ್ಳಪ್ಪನಿಗೂ ನನಗೂ ಇಪ್ಪತ್ತೆರಡು ವರ್ಷದ ಪರಿಚಯ. ಪರಿಚಯ ಎಂದೆ, ಸ್ನೇಹ ಎನ್ನಲಿಲ್ಲ. ತಕ್ಕಡಿ ನೋಡಲು ಬರುವವನ ಹೆಗಲ ಮೇಲೆ ವ್ಯಾಪಾರಿ ಕೈ ಹಾಕಿಕೊಂಡು ನಿಂತರೆ ಗಿರಾಕಿಗಳು ಏನೆಂದುಕೊಂಡಾರು?

ಮೂರು ತಿಂಗಳಿಗೊಮ್ಮೆ ಅವನು ಸೈಕಲ್ಲಿನ ಹಿಂದೆ ಮರದ ಪೆಟ್ಟಿಗೆ ಕಟ್ಟಿಕೊಂಡು ಬರುತ್ತಾನೆ. ಅದರೊಳಗೆ ಹಸಿರು ಬಟ್ಟೆಯ ಗುಳಿಗಳಲ್ಲಿ ಹಿತ್ತಾಳೆಯ ತೂಕದ ಬಟ್ಟುಗಳು ಮಲಗಿರುತ್ತವೆ. ಬರಿಗೈಯಲ್ಲಿ ಮುಟ್ಟುವುದಿಲ್ಲ, ಬೆವರಿಗೂ ತೂಕವಿದೆ ಎನ್ನುತ್ತಾನೆ. ಮೆತ್ತನೆ ಬಟ್ಟೆಯಲ್ಲಿ ಎತ್ತಿ ತಕ್ಕಡಿಯ ಮೇಲಿಟ್ಟು ಒಂದು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿ “ಹ್ಞೂಂ” ಎನ್ನುತ್ತಾನೆ. ಈ ಹ್ಞೂಂಗಳಲ್ಲಿ ಮೂರು ತರಹ ಇವೆ. ಮೂರನೆಯದನ್ನು ಕೇಳಿದ ದಿನ ಅಂಗಡಿಯವನಿಗೆ ಊಟ ಸೇರುವುದಿಲ್ಲ. ಒಮ್ಮೆ ನನ್ನ ಹೆಂಡತಿ ಪಾಪ ಎಂದು ಅವನಿಗೆ ಟೀ ಕೊಟ್ಟಳು. ಲೋಟ ಕೈಗೆ ತೆಗೆದುಕೊಳ್ಳುವ ಮೊದಲೇ ಅವನು ಕೇಳಿದ, “ಯಾಕಮ್ಮ, ತಕ್ಕಡಿ ಕೆಟ್ಟಿದ್ಯಾ?”

ಅವನ ಅಪ್ಪನದೂ ಇದೇ ಕಸುಬು. ಒಳಗೇನಿದೆ ಎಂದು ಕಣ್ಣಾರೆ ನೋಡದೆ ಯಾವ ಯಂತ್ರವನ್ನೂ ನಂಬಬೇಡ ಎಂದು ಕಲಿಸಿ ಹೋದವನು. ಆದರೆ ತಕ್ಕಡಿಗೆ ತೂಕ-ಅಳತೆ ಇಲಾಖೆಯವರು ಸೀಸದ ಸೀಲು ಒತ್ತಿರುತ್ತಾರೆ. ಅವರ ಚೀಟಿಯಿಲ್ಲದೆ ಸೀಲು ಮುರಿದರೆ ರಿಪೇರಿಯವನ ಲೈಸೆನ್ಸ್ ಹೋಯಿತೆಂದೇ ಅರ್ಥ. ಹೀಗೆ ಮುಳ್ಳಪ್ಪನದು, ಬಿಚ್ಚಿ ನೋಡಬೇಕೆಂಬ ಚಪಲ ಒಂದು ಕಡೆ, ಬಿಚ್ಚಬಾರದೆಂಬ ಕಾನೂನು ಇನ್ನೊಂದು ಕಡೆ, ನಡುವೆ ತೂಗಾಡುವ ಬದುಕು. ಕಸುಬಿನಲ್ಲಿ ತೀರದ ಚಪಲವನ್ನು ಮನೆಯಲ್ಲಿ ತೀರಿಸಿಕೊಳ್ಳುತ್ತಿದ್ದ. “ನಮ್ಮನೇಲಿ ಮುಚ್ಚಳ ನೆಟ್ಟಗೆ ಕೂತಿರೋ ಒಂದು ಯಂತ್ರ ತೋರಿಸಿ ಅಣ್ಣಾ” ಎಂದು ಅವನ ಹೆಂಡತಿ ನನ್ನನ್ನೇ ಕೇಳಿದ್ದುಂಟು. ಗೋಡೆ ಗಡಿಯಾರ, ಇಸ್ತ್ರಿಪೆಟ್ಟಿಗೆ, ರೇಡಿಯೋ, ಎಲ್ಲಕ್ಕೂ ಒಂದೊಂದು ಸ್ಕ್ರೂ ಕಡಿಮೆ. ಆ ಸ್ಕ್ರೂಗಳನ್ನು ನನ್ನ ಅಂಗಡಿಯಲ್ಲಿ ಕೊಳ್ಳುತ್ತಿದ್ದರಿಂದ ನನಗೇನೂ ಬೇಸರವಿರಲಿಲ್ಲ.

ಇಂಥವನು ಓಟದ ಸ್ಪರ್ಧೆಗೆ ಬಿದ್ದದ್ದು ಡಾಕ್ಟರರ ಮೇಲಿನ ಅನುಮಾನದಿಂದ. ಐದು ವರ್ಷದ ಹಿಂದೆ ಮಂಡಿನೋವೆಂದು ಹೋದಾಗ ಅವರು ಇವನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಒಂಬತ್ತು ಕಿಲೋ ಇಳಿಸಬೇಕು ಎಂದರು. ಅದೇ ಸಂಜೆ ಅವನು ಪೆಟ್ಟಿಗೆ ಹೊತ್ತುಕೊಂಡು ಮತ್ತೆ ಹೋದ. ರೋಗಿಗಳೆಲ್ಲ ನೋಡುತ್ತಿರುವಾಗಲೇ ಬಟ್ಟುಗಳನ್ನು ಒಂದೊಂದಾಗಿ ಯಂತ್ರದ ಮೇಲಿಟ್ಟ. “ನಿಮ್ ಯಂತ್ರ ಆರುನೂರು ಗ್ರಾಂ ಜಾಸ್ತಿ ತೋರಿಸ್ತಿದೆ ಡಾಕ್ಟ್ರೇ. ನಾನು ಇಳಿಸಬೇಕಾಗಿರೋದು ಎಂಟು ಕಿಲೋ ನಾನೂರು. ಅಷ್ಟು ಇಳಿಸ್ತೀನಿ, ಒಂದು ಗ್ರಾಂ ಜಾಸ್ತಿ ಕೇಳ್ಬೇಡಿ” ಎಂದು ಹೇಳಿ ಬಂದ.

ಅವನ ಹೆಂಡತಿ ಪುರಸಭೆಯ ಈಜುಕೊಳದಲ್ಲಿ ಟಿಕೆಟ್ ಹರಿಯುವವಳು. ಮುಳ್ಳಪ್ಪ ದಿನಾ ಬೆಳಿಗ್ಗೆ ಎಲ್ಲರ ಜೊತೆ ಸಾಲಿನಲ್ಲಿ ನಿಂತು, ಹೆಂಡತಿಯ ಕೈಯಿಂದಲೇ ಟಿಕೆಟ್ ತೆಗೆದುಕೊಂಡು ಒಳಗೆ ಹೋಗಿ, ನಲವತ್ತಮೂರನೆಯ ವಯಸ್ಸಿನಲ್ಲಿ ಈಜು ಕಲಿತ. ಸೈಕಲ್ ಕಲಿಯಬೇಕಾಗಿರಲಿಲ್ಲ. ವರ್ಷಗಟ್ಟಲೆ ಮಣಭಾರದ ಪೆಟ್ಟಿಗೆ ಹೇರಿಕೊಂಡು ತುಳಿದವನು, ಪೆಟ್ಟಿಗೆ ಇಳಿಸಿದ ದಿನ ಗಾಳಿಗೆ ಸಿಕ್ಕಿದ ಕಾಗದದ ಹಾಗೆ ಹಾರಿದನಂತೆ. ಓಟ ಮಾತ್ರ ಅವನಿಗೆ ಹಿಡಿಸಲಿಲ್ಲ. “ಓಡೋನನ್ನ ನೋಡಿದ್ರೆ ಜನ ಮೊದ್ಲು ಜೇಬು ಮುಟ್ಟಿ ನೋಡ್ಕೋತಾರೆ ಸಾವ್ಕಾರ್ರೆ” ಎನ್ನುತ್ತಿದ್ದ. ಆದರೂ ಓಡಿದ. ಈಜುಕೊಳದ ಗೋಡೆಯ ಮೇಲೆ ಸ್ಪ್ರಿಂಟ್ ಟ್ರಯಥ್ಲಾನ್ ಎಂಬ ಸ್ಪರ್ಧೆಯ ಕಾಗದ ಅಂಟಿಸಿದ್ದರು: ಕೆರೆಯಲ್ಲಿ ಮುಕ್ಕಾಲು ಕಿಲೋಮೀಟರ್ ಈಜು, ದಡಕ್ಕೆ ಬಂದು ಇಪ್ಪತ್ತು ಕಿಲೋಮೀಟರ್ ಸೈಕಲ್, ಇಳಿದು ಐದು ಕಿಲೋಮೀಟರ್ ಓಟ, ನಡುವೆ ಎಲ್ಲೂ ಕೂರುವ ಹಾಗಿಲ್ಲ. ಇದು ಈ ಆಟದಲ್ಲಿ ಚಿಕ್ಕದಂತೆ.

ನಾನು ಅವನನ್ನು ಕೇಳಿದೆ, “ಗೆದ್ರೆ ಏನು ಕೊಡ್ತಾರೆ?”

“ನನ್ನಂಥೋರು ಗೆಲ್ಲಲ್ಲ. ಮುಗಿಸಿದ್ರೆ ಒಂದು ಮೆಡಲ್ ಕೊಡ್ತಾರೆ.”

“ಬೆಳ್ಳೀದಾ?”

“ತಗಡು.”

“ಮತ್ತೆ?”

“ಮತ್ತೇನಿಲ್ಲ.”

ನಲವತ್ತು ವರ್ಷದ ವ್ಯಾಪಾರದಲ್ಲಿ ‘ಮತ್ತೇನಿಲ್ಲ’ ಎಂಬ ಮಾತಿನ ಹಿಂದೆ ಏನೂ ಇಲ್ಲದ್ದನ್ನು ನಾನು ನೋಡಿಲ್ಲ. ಅಂದಿನಿಂದ ಅವನ ಮೇಲೊಂದು ಕಣ್ಣಿಟ್ಟೆ.

ಮೂರು ವರ್ಷ ಏನೂ ಆಗಲಿಲ್ಲ. ಹೋಗುತ್ತಿದ್ದ, ಕೊನೆಯ ಹತ್ತರಲ್ಲಿ ಒಬ್ಬನಾಗಿ ಬರುತ್ತಿದ್ದ, ತಗಡು ತರುತ್ತಿದ್ದ. ಹೋದ ವರ್ಷದ ಕೊನೆಯ ಸ್ಪರ್ಧೆಯಲ್ಲಿ ಎಡವಟ್ಟಾಯಿತು. ಸೈಕಲ್ ದಾರಿ ನಾಲ್ಕು ಸುತ್ತು. ಪ್ರತಿ ಸುತ್ತಿನಲ್ಲೂ ಪಂಪ್‌ಹೌಸಿನ ಹತ್ತಿರ ರಸ್ತೆಗೆ ಅಡ್ಡಲಾಗಿ ಹಾಸಿದ ರಬ್ಬರ್ ಮ್ಯಾಟ್ ದಾಟಿ ಹಿಂದಿರುಗಬೇಕು. ಎಲ್ಲರ ಕಾಲಿಗೂ ಕಟ್ಟಿರುವ ಚಿಪ್ ಅಲ್ಲಿ ಹಾಜರಿ ಹಾಕುತ್ತದೆ. ಫಲಿತಾಂಶದ ಹಾಳೆಯಲ್ಲಿ ಮುಳ್ಳಪ್ಪನ ಹಾಜರಿ ಮೂರೇ ಇತ್ತು. ಒಂದು ಸುತ್ತು ಕಡಿಮೆ ಎಂದು ಹೆಸರು ಹೊಡೆದುಹಾಕಿದರು. ಚಿಪ್ ವಾಪಸ್ ಕೊಡಿ ಎಂದರೆ, ಎಲ್ಲೋ ಬಿದ್ದುಹೋಯಿತು ಎಂದನಂತೆ.

ಬಣ್ಣದಂಗಡಿಯವರ ಅಳಿಯ ಅಲ್ಲಿದ್ದ. ಮಾರನೆಯ ಬೆಳಿಗ್ಗೆ ಬೀದಿಯ ಶಟರುಗಳು ಏಳುವ ಮೊದಲೇ ಸುದ್ದಿ ಎದ್ದಿತ್ತು. ಸುತ್ತು ಕದ್ದವನು ಗ್ರಾಂ ಬಿಡುತ್ತಾನೆಯೇ? ಬೀಜದಂಗಡಿಯವರು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು, “ಇಷ್ಟು ದಿನ ನಮ್ ತಕ್ಕಡಿ ಸರಿ ಇದೆ ಅಂತ ಯಾರು ಹೇಳಿದ್ದು? ಅವನೇ. ಅವನು ಸರಿ ಇದ್ದಾನೆ ಅಂತ ಯಾರು ಹೇಳಿದ್ದು? ಅದೂ ಅವನೇ!” ಎಂದರು. ಮುಳ್ಳಪ್ಪ ಮಾತ್ರ, “ನಾಲ್ಕೂ ಸುತ್ತಿದೀನಿ” ಎಂಬ ಒಂದು ಮಾತು ಬಿಟ್ಟು ಬೇರೆ ಆಡಲಿಲ್ಲ. ಚಿಪ್ಪಿನ ವಿಷಯ ಎತ್ತಿದರೆ ಸೈಕಲ್ ಹತ್ತುತ್ತಿದ್ದ.

ನಮ್ಮ ವರ್ತಕರ ಸಂಘ ತಕ್ಕಡಿ ಕೆಲಸವನ್ನು ವರ್ಷಕ್ಕೊಮ್ಮೆ ಒಬ್ಬರಿಗೆ ಒಪ್ಪಿಸುತ್ತದೆ. ಚಳಿಗಾಲ ಮುಗಿಯುತ್ತಾ ಆ ದಿನ ಹತ್ತಿರ ಬಂತು. ಸಂಘದ ಅಧ್ಯಕ್ಷರು ಹಗ್ಗ ಮತ್ತು ತಂತಿಯ ವ್ಯಾಪಾರಿ; ಅಳೆದು ಕತ್ತರಿಸಿದ ಹಾಗೆ ಮಾತಾಡುವವರು. ನನ್ನನ್ನು ಕರೆದು, “ಈ ವರ್ಷದ ಮೊದಲ ಸ್ಪರ್ಧೆ ಬರೋ ಭಾನುವಾರ. ನೀವು ಹೋಗಿ ಪಂಪ್‌ಹೌಸ್ ಹತ್ರ ನಿಂತ್ಕೊಳ್ಳಿ. ಅವನು ಎಷ್ಟು ಸಲ ಬರ್ತಾನೆ ಎಣಿಸ್ಕೊಂಡು ಬನ್ನಿ. ಎಣಿಸೋದ್ರಲ್ಲಿ ನಿಮ್ಮಷ್ಟು ಗಟ್ಟಿಗರು ಈ ಬೀದೀಲಿ ಯಾರಿದ್ದಾರೆ?” ಎಂದರು. ಹೊಗಳಿಕೆ ಕೇಳಿದರೆ ನನಗೆ ಅನುಮಾನ ಬರುತ್ತದೆ. ಆದರೂ ಒಪ್ಪಿಕೊಂಡೆ. ನನಗೂ ಆ ‘ಮತ್ತೇನಿಲ್ಲ’ದ ಬುಡ ನೋಡಬೇಕಿತ್ತು.

ಶನಿವಾರ ಮಧ್ಯಾಹ್ನವೇ, ಗಾಳಿ ತೆಗೆದುಕೊಳ್ಳುವ ನೆಪದಲ್ಲಿ ಊರಾಚೆಯ ಕೆರೆಯ ಕಡೆ ಹೋದೆ. ಮುಳ್ಳಪ್ಪ ಅಲ್ಲಿ ಒಂಟಿ ಚಕ್ರದ ಅಳತೆಗೋಲನ್ನು ತಳ್ಳಿಕೊಂಡು ಓಟದ ದಾರಿ ಅಳೆಯುತ್ತಿದ್ದ. ಸ್ಪರ್ಧೆಗೆ ಬಂದವನು ದಾರಿ ಯಾಕೆ ಅಳೆಯಬೇಕು? ಎಲ್ಲಿ ತಿರುಗಿದರೆ ಉಳಿಯುತ್ತದೆ ಎಂದು ನೋಡುವುದಕ್ಕೆ ಎಂದುಕೊಂಡೆ. ಆಮೇಲೆ ಅವನು ಸ್ಪರ್ಧೆ ನಡೆಸುವ ಕ್ಲಬ್ಬಿನ ಕಚೇರಿಗೆ ಹೋದ. ಕಿಟಕಿಯ ಪಕ್ಕದ ನೋಟಿಸ್ ಬೋರ್ಡನ್ನು ಬಹಳ ಆಸಕ್ತಿಯಿಂದ ಓದುವವನ ಹಾಗೆ ನಾನೂ ನಿಂತೆ. ಒಳಗೆ ಚಿಪ್ ಮತ್ತು ಗಡಿಯಾರಗಳ ಜವಾಬ್ದಾರಿ ಹೊತ್ತ ಹೆಂಗಸು ಕೂತಿದ್ದಳು. ಕತ್ತಿಗೆ ಸೀಟಿ, ಮೂಗಿನ ತುದಿಗೆ ಕನ್ನಡಕ. ಮುಳ್ಳಪ್ಪ ಜೇಬಿನಿಂದ ದಾರ ಸುತ್ತಿದ ಒಂದು ಸಣ್ಣ ಕಾಗದದ ಪೊಟ್ಟಣ ತೆಗೆದು ಅವಳ ಮುಂದಿಟ್ಟ. ಅವಳು ಬಿಚ್ಚಿ ನೋಡಿದಳು. ಬಾಗಿಲ ಕಡೆ ನೋಡಿದಳು. ಮೇಜಿನ ಖಾನೆಯೊಳಗೆ ಹಾಕಿ ಕೀಲಿ ತಿರುಗಿಸಿದಳು. ಇಬ್ಬರೂ ತಗ್ಗಿದ ದನಿಯಲ್ಲಿ ಮಾತಾಡಿದರು. ಹೊರಡುವಾಗ ಮುಳ್ಳಪ್ಪ ಕೈ ಮುಗಿದ.

ಪೊಟ್ಟಣ ಕೈ ಬದಲಾಗುವುದನ್ನು ನೋಡಿ ನೋಡಿ ಕೂದಲು ಹಣ್ಣಾಗಿರುವವನು ನಾನು. ಅದರೊಳಗೇನಿತ್ತೋ, ಅದು ಸುತ್ತಿನ ಬೆಲೆ ಎಂದು ತೀರ್ಮಾನಿಸಿಬಿಟ್ಟೆ.

ಭಾನುವಾರ ಬೆಳಿಗ್ಗೆ ಏಳು ಗಂಟೆ. ಚಳಿ ಇನ್ನೂ ಊರು ಬಿಟ್ಟಿರಲಿಲ್ಲ. ಕೆರೆಯ ಮೇಲೆ ಹೊಗೆಯಾಡುತ್ತಿತ್ತು. ನೂರಾರು ಜನ ಕಪ್ಪು ರಬ್ಬರಿನ ಅಂಗಿಯೊಳಗೆ ತುರುಕಿಕೊಂಡು ದಡದಲ್ಲಿ ಕುಣಿಯುತ್ತಿದ್ದರು. ಮುಳ್ಳಪ್ಪ ಸೈಕಲ್ ಟ್ಯೂಬಿನೊಳಗೆ ಹೊಕ್ಕ ಬದನೆಕಾಯಿಯ ಹಾಗಿದ್ದ. ಸೀಟಿ ಊದಿದರು. ಮುಂದಿನವರು ಹಾರಿದರು. ಇವನು ಮೊದಲು ಕಾಲಿಟ್ಟು, ನೀರು ಹೇಗಿದೆ ನೋಡಿ, ಹ್ಞೂಂ ಎಂದು ಇಳಿದದ್ದು ದೂರದಿಂದಲೂ ಗೊತ್ತಾಯಿತು. ಇಷ್ಟು ನೋಡಿಕೊಂಡು ನಾನು ಪಂಪ್‌ಹೌಸಿನ ಕಡೆ ನಡೆದೆ.

ಪಂಪ್‌ಹೌಸಿನ ಗೋಡೆಗೆ ಒರಗಿ, ಕಿವಿಗೆ ಮಫ್ಲರ್ ಎಳೆದುಕೊಂಡು, ಬಿಲ್ ಪುಸ್ತಕದ ಹಿಂಬದಿ ಮತ್ತು ಪೆನ್ಸಿಲ್ ಹಿಡಿದು ನಿಂತೆ. ಮುಖಕ್ಕೆ ಅಡ್ಡ ಹಿಡಿಯಲು ಒಂದು ಪೇಪರ್. ಮುಂದಿನವರು ಸರ್ರೆಂದು ಬಂದು ಮ್ಯಾಟ್ ದಾಟಿ, ರಸ್ತೆಯಲ್ಲಿಟ್ಟ ಕೆಂಪು ಪ್ಲಾಸ್ಟಿಕ್ ಶಂಕುಗಳನ್ನು ಸುತ್ತಿ ತಿರುಗಿ ಹೋದರು. ಏಳೂವರೆ ದಾಟಿದ ಮೇಲೆ ಮುಳ್ಳಪ್ಪ ಬಂದ. ಅವನೇ ಹೌದೋ ಅಲ್ಲವೋ ಎಂದು ಸರಿಯಾಗಿ ನೋಡಿಕೊಂಡೆ: ಹಳದಿ ಹೆಲ್ಮೆಟ್, ಬೆನ್ನಿನ ಮೇಲೆ ನೂರಾ ಹದಿನೇಳು, ಕ್ಯಾರಿಯರ್ ಬಿಚ್ಚಿದ ಅದೇ ಹಳೆಯ ಸೈಕಲ್. ಬೇರೆ ಯಾರನ್ನೋ ತನ್ನ ಬಟ್ಟೆಯಲ್ಲಿ ಕಳಿಸಿಲ್ಲ ಎಂದು ಖಾತ್ರಿಯಾಯಿತು.

ಅವನು ಎರಡನೆಯ ಸಲ ಕಾಣಿಸಿದಾಗ ಗೆರೆ ಎಳೆದೆ. ಅಷ್ಟರಲ್ಲಿ ಅವನು ನನ್ನನ್ನು ಪೇಪರಿನ ಸಮೇತ ಗುರುತು ಹಿಡಿದಿದ್ದ.

“ಎರಡು! ಬರ್ಕೊಳ್ಳಿ ಸಾವ್ಕಾರ್ರೆ! ಪೇಪರ್ ತಲೆಕೆಳಗಾಗಿದೆ!”

ಪೇಪರ್ ನೆಟ್ಟಗೇ ಇತ್ತು, ನೋಡಿಕೊಂಡೆ. ಆದರೆ ಅವನ ಎರಡು ನನಗೆ ಹಿಡಿಸಲಿಲ್ಲ. ನನ್ನ ಮುಂದೆ ಇದ್ದದ್ದು ಒಂದು ಗೆರೆ. ಲಾರಿಯಿಂದ ಸರಕು ಇಳಿಸುವವರಲ್ಲಿ ಕೆಲವರು ಹೀಗೆಯೇ ದೊಡ್ಡ ದನಿಯಲ್ಲಿ ಒಂದು ಸಂಖ್ಯೆ ಮುಂದೆ ಕೂಗಿ ಎಣಿಸುವವನ ತಲೆ ಕೆಡಿಸುತ್ತಾರೆ. ನನ್ನ ಹತ್ತಿರ ಆ ಆಟ ನಡೆಯುವುದಿಲ್ಲ. ಹಲ್ಲು ಕಚ್ಚಿಕೊಂಡು ನಿಂತೆ. ಮುಂದಿನ ಸಲ “ಮೂರು!” ಎಂದ; ನಾನು ಎರಡನೆಯ ಗೆರೆ ಎಳೆದೆ. ಅದರ ಮುಂದಿನ ಸಲ ಉಸಿರು ಕಟ್ಟಿ, ಕಣ್ಣು ಕೆಂಪಾಗಿ, ಕೈ ಮಾತ್ರ ಎತ್ತಿ ನಾಲ್ಕು ಬೆರಳು ತೋರಿಸಿದ. ನನ್ನ ಹಾಳೆಯ ಮೇಲೆ ಮೂರು ಗೆರೆ. ಇನ್ನೂ ಹದಿನೈದು ನಿಮಿಷ ಕಾದೆ. ಇಪ್ಪತ್ತು ನಿಮಿಷ ಕಾದೆ. ಅವನು ಮತ್ತೆ ಬರಲಿಲ್ಲ. ಶಂಕುಗಳನ್ನು ಎತ್ತಲು ಬಂದವರು, “ಸೈಕಲ್ ಮುಗೀತು ಯಜಮಾನ್ರೆ, ಎಲ್ರೂ ಓಡ್ತಿದಾರೆ” ಎಂದರು.

ಸತ್ಯ ಹೇಳುತ್ತೇನೆ, ಆ ಕ್ಷಣ ಖುಷಿಯಾಯಿತು. ಅನುಮಾನ ನಿಜವಾದಾಗ ಆಗುವ ಖುಷಿ ಲಾಭ ಬಂದಾಗಲೂ ಆಗುವುದಿಲ್ಲ.

ಗಡಿಯಾರದವಳ ಟೆಂಟಿಗೆ ದಾಪುಗಾಲಿನಲ್ಲಿ ಹೋಗಿ, ಮೂರು ಗೆರೆಯ ಹಾಳೆಯನ್ನು ಅವಳ ಮೇಜಿನ ಮೇಲಿಟ್ಟೆ. “ನೂರಾ ಹದಿನೇಳು. ನಿಮ್ ಲೆಕ್ಕದಲ್ಲಿ ಎಷ್ಟು ಸುತ್ತು ತೋರಿಸ್ತಿದೆಯಮ್ಮ?”

ಅವಳು ಪರದೆ ನೋಡಿ, “ನಾಲ್ಕು” ಎಂದಳು.

“ಅದೇ ಅನ್ಕೊಂಡೆ. ನಿನ್ನೆ ಮಧ್ಯಾಹ್ನ ಪೊಟ್ಟಣ ತಗೊಂಡ್ರಲ್ಲ, ಆಮೇಲೆ ನಾಲ್ಕಲ್ಲದೆ ಎಷ್ಟಾಗುತ್ತೆ?”

ಅವಳು ಕನ್ನಡಕದ ಮೇಲಿನಿಂದ ನನ್ನನ್ನು ಒಂದು ಸಲ ಅಳೆದಳು. ಸಿಟ್ಟಾಗಲಿಲ್ಲ. “ಯಜಮಾನ್ರೆ, ಏಳು ಮೂವತ್ತೊಂದು, ಏಳು ನಲವತ್ತಮೂರು, ಏಳು ಐವತ್ತೈದು, ಎಂಟು ಏಳು. ಇದ್ರಲ್ಲಿ ಯಾವಾಗ ನೀವು ಅವ್ರನ್ನ ನೋಡ್ಲಿಲ್ಲ?”

“ಏಳು ಮೂವತ್ತೊಂದಕ್ಕೆ ನೋಡ್ದೆ. ಹಳದಿ ಹೆಲ್ಮೆಟ್ಟು. ಆದ್ರೆ ಅದು ನೋಡೋದಕ್ಕೆ, ಎಣಿಸೋದಕ್ಕಲ್ಲ.”

ಹೇಳಿದ ಮೇಲೆ ನನ್ನ ಮಾತು ನನ್ನ ಕಿವಿಗೇ ಬಿತ್ತು.

ನಮ್ಮ ಮೊಳೆ ವ್ಯಾಪಾರದಲ್ಲಿ ಒಂದು ಪದ್ಧತಿ ಇದೆ. ಲಾರಿಯಿಂದ ಇಳಿಯುವ ಮೊದಲ ಪೆಟ್ಟಿಗೆಯನ್ನು ಒಡೆದು, ನಾವು ಹೇಳಿದ ಮಾಲೇ ಹೌದೋ ಎಂದು ನೋಡಿ ಪಕ್ಕಕ್ಕಿಡುತ್ತೇವೆ. ಅದಕ್ಕೆ ಗೆರೆ ಎಳೆಯುವುದಿಲ್ಲ. ಎರಡನೆಯದರಿಂದ ಎಣಿಕೆ ಶುರು. ಕೊನೆಗೆ ಪಕ್ಕಕ್ಕಿಟ್ಟದ್ದನ್ನು ಸೇರಿಸುತ್ತೇವೆ. ನಲವತ್ತು ವರ್ಷ ಹೀಗೆ ಎಣಿಸಿದ ಕೈ ಮುಳ್ಳಪ್ಪನನ್ನೂ ಒಡೆದು ನೋಡಿ ಪಕ್ಕಕ್ಕಿಟ್ಟಿತ್ತು. ಸೇರಿಸುವುದನ್ನು ಮಾತ್ರ ಮರೆತಿತ್ತು. ಮರೆಯಿತೋ, ಸೇರಿಸಲು ಮನಸ್ಸಿರಲಿಲ್ಲವೋ, ಅದನ್ನು ನಾನು ಹೆಚ್ಚು ಕೆದಕಲು ಹೋಗಿಲ್ಲ.

ನನ್ನ ಮುಖ ನೋಡಿ ಅವಳಿಗೆ ಅರ್ಧ ಅರ್ಥವಾಯಿತೇನೋ. ಪಕ್ಕದ ಕೈಚೀಲದಿಂದ ಅದೇ ಪೊಟ್ಟಣವನ್ನು ತೆಗೆದು ಮೇಜಿನ ಮೇಲಿಟ್ಟಳು. “ಇದ್ರ ಮೇಲೂ ಅನುಮಾನ ಇದ್ರೆ ನೋಡ್ಬಿಡಿ. ಮಾತು ಬೆಳೆಯೋದು ಬೇಡ.”

ಒಳಗೆ ಒಂದು ಚಿಪ್ ಇತ್ತು. ಹೋದ ವರ್ಷದ್ದು, ಬಿದ್ದುಹೋಯಿತೆಂದು ಹೇಳಿದ್ದು. ಅದರ ಕರಿಯ ಪ್ಲಾಸ್ಟಿಕ್ ಕವಚದ ಅಂಚಿನುದ್ದಕ್ಕೂ ತೆಳ್ಳನೆಯ ಬ್ಲೇಡಿನಲ್ಲಿ ಕೊಯ್ದು, ಮತ್ತೆ ಬಹಳ ಅಚ್ಚುಕಟ್ಟಾಗಿ ಅಂಟಿಸಿದ ಗುರುತು. ‘ತೆರೆಯಬಾರದು’ ಎಂದು ಬರೆದ ಸಣ್ಣ ಸೀಲು ಸರಿಯಾಗಿ ನಡುವೆ ಇಬ್ಭಾಗವಾಗಿತ್ತು.

“ಸ್ಪರ್ಧೆ ಹಿಂದಿನ ದಿನ ಮನೆಗೆ ತಗೊಂಡು ಹೋಗಿ ಬಿಚ್ಚಿದಾರೆ” ಎಂದಳು ಅವಳು. “ಒಳಗಿನ ತಂತಿ ಅರ್ಧ ಕಡಿದಿದೆ. ಒಂದು ಸಲ ಹಾಜರಿ ಹಾಕುತ್ತೆ, ಒಂದು ಸಲ ಬಿಟ್ಟುಬಿಡುತ್ತೆ. ಅವ್ರು ಹೋದ ವರ್ಷನೂ ನಾಲ್ಕೇ ಸುತ್ತಿರ್ತಾರೆ, ನನಗೇನೂ ಅನುಮಾನ ಇಲ್ಲ. ಹೊಸ ಚಿಪ್ ಕೊಡುವಾಗ, ದಯವಿಟ್ಟು ಇದನ್ನ ಬಿಚ್ಚಬೇಡಿ ಅಂತ ಎರಡು ಸಲ ಹೇಳಿ ಕೊಟ್ಟಿದೀನಿ.”

ಮುಳ್ಳಪ್ಪ ಓಟ ಮುಗಿಸಿದ್ದನ್ನು ನಾನು ನೋಡಲಿಲ್ಲ. ಟೆಂಟಿನಿಂದ ಹೊರಗೆ ಬಂದಾಗ ಅವನು ಕೆರೆಯ ಮೆಟ್ಟಿಲ ಮೇಲೆ ಕೂತು, ಒದ್ದೆ ಕಾಲುಚೀಲ ಹಿಂಡುತ್ತಿದ್ದ. ತುಟಿ ನೀಲಿಯಾಗಿತ್ತು. ಹೆಂಡತಿ ಅವನ ತಲೆಯನ್ನು ಟವೆಲಿನಲ್ಲಿ ಪಾತ್ರೆ ತಿಕ್ಕುವ ಹಾಗೆ ತಿಕ್ಕುತ್ತಿದ್ದಳು.

“ಬನ್ನಿ ಅಣ್ಣಾ” ಎಂದಳು. “ಎಣಿಸೋಕೆ ಬಂದಿದ್ದು ಗೊತ್ತು. ಚೆನ್ನಾಗಿ ಎಣಿಸಿದ್ರಾ? ಬೆರಳು ಸಾಕಾಯ್ತಾ?”

“ಸಾಕಾಯ್ತಮ್ಮ” ಎಂದೆ. ಬೇರೆ ದಿನವಾಗಿದ್ದರೆ ಉತ್ತರ ಕೊಡುತ್ತಿದ್ದೆ. ಅವಳು ಟವೆಲ್ ಒಣಗಹಾಕಲು ಹೋದಳು. ನಾನು ಅವನ ಪಕ್ಕ ಕೂತೆ. “ಚಿಪ್ ನೋಡ್ದೆ ಮುಳ್ಳಪ್ಪ.”

ಅವನು ಕಾಲುಚೀಲ ಹಿಂಡುವುದನ್ನು ನಿಲ್ಲಿಸಿದ.

“ಅದು ಹೇಗೆ ಎಣಿಸುತ್ತೆ ಅಂತ ನೋಡ್ಬೇಕು ಅನ್ನಿಸ್ತು ಸಾವ್ಕಾರ್ರೆ. ಕಾಲಿಗೆ ಕಟ್ಟಿದಾರೆ, ಒಳಗೇನಿದೆ ಗೊತ್ತಿಲ್ಲ, ಅದು ಹೇಳಿದ್ದೇ ಸರಿ ಅಂತಾರೆ. ಸಂಜೆಯೆಲ್ಲ ಟೇಬಲ್ ಮೇಲೆ ನನ್ನೇ ನೋಡ್ತಿತ್ತು. ರಾತ್ರಿ ಬ್ಲೇಡ್ ತಗೊಂಡೆ.”

“ಸರಿ, ಇಷ್ಟೇ ತಾನೆ? ಸಂಘದಲ್ಲಿ ಹೇಳಿಬಿಡೋಣ. ಸುತ್ತು ಕದ್ದಿಲ್ಲ, ಚಿಪ್ ಕೆಟ್ಟಿತ್ತು ಅಂತ. ನಿನ್ನ ಮೇಲಿನ ಮಾತು ಹೋಗುತ್ತೆ.”

“ಯಾಕೆ ಕೆಟ್ಟಿತ್ತು ಅಂತ ಕೇಳ್ತಾರೆ.” ಅವನು ನನ್ನ ಕಡೆ ತಿರುಗಿದ. “ಬೇಕಾದ್ರೆ ಸುತ್ತು ಕದ್ದೆ ಅಂತಾನೇ ಹೇಳಿ. ಆಟದಲ್ಲಿ ಕಳ್ಳ ಅಂದ್ರೆ ನಗ್ತಾರೆ, ಬಿಡ್ತಾರೆ. ಸೀಲು ಬಿಚ್ಚೋನು ಅಂದ್ರೆ ನನ್ನ ಕಸುಬು ಮುಗೀತು. ಈ ಊರಲ್ಲಿ ಯಾರೂ ನನ್ನ ಕೈಗೆ ತಕ್ಕಡಿ ಕೊಡಲ್ಲ.”

ಮಾತು ಸರಿಯಿತ್ತು. ನಾನು ಅದನ್ನು ತಿರುವಿ ಮುರುವಿ ನೋಡಿದೆ. ಓಟಗಾರನಾಗಿ ಬಚಾವಾಗಬೇಕಾದರೆ ಕಸುಬುದಾರನಾಗಿ ಸಿಕ್ಕಿಬೀಳಬೇಕು. ಕಸುಬು ಉಳಿಯಬೇಕಾದರೆ ಕಳ್ಳ ಎನಿಸಿಕೊಂಡೇ ಇರಬೇಕು.

“ಹಾಗಿದ್ರೆ ಆ ಗಡಿಯಾರದವಳಿಗೆ ಯಾಕೆ ತಂದು ಕೊಟ್ಟೆ? ಕೆರೆಗೆ ಎಸೆದಿದ್ರೆ ಆಗ್ತಿತ್ತಲ್ಲ.”

“ಬಟ್ಟುಗಳ ಪೆಟ್ಟಿಗೇಲಿ ಇಟ್ಟಿದ್ದೆ. ಚಳಿಗಾಲ ಪೂರ್ತಿ. ಪೆಟ್ಟಿಗೆ ತೆಗೆದಾಗಲೆಲ್ಲ ಕೈ ನಡುಗೋದು. ಕೈ ನಡುಗಿದ್ರೆ ತೂಕ ಹೇಗೆ ನೋಡ್ಲಿ?”

ನಾನು ಏನನ್ನೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಅವನು ನನ್ನನ್ನು ನಂಬಿದ ಹಾಗೆ ಕಾಣಲಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ಬುಧವಾರ ಮಧ್ಯಾಹ್ನ ಸಂಘದ ಸಭೆ. ಬಣ್ಣದಂಗಡಿಯ ಮೇಲಿನ ಕೋಣೆ. ಟರ್ಪೆಂಟೈನ್ ವಾಸನೆಗೆ ಕೂತವರ ತಲೆ ಸ್ವಲ್ಪ ಹಗುರಾಗಿಯೇ ಇರುತ್ತದೆ. ಮುಳ್ಳಪ್ಪ ಬಾಗಿಲ ಹತ್ತಿರದ ಕುರ್ಚಿಯ ತುದಿಯಲ್ಲಿ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅಧ್ಯಕ್ಷರು ನನ್ನನ್ನು ಕೇಳಿದರು. ನಾನು ಎದ್ದು, “ನಾಲ್ಕಕ್ಕೆ ನಾಲ್ಕು. ನನ್ನ ಕಣ್ಣಾರೆ ನೋಡಿದೀನಿ” ಎಂದು ಕೂತೆ. ಗೆರೆಗಳ ವಿಷಯ ಎತ್ತಲಿಲ್ಲ.

“ಈ ಸಲ ನೀವಿದ್ರಿ ಅಂತ ನಾಲ್ಕು” ಎಂದರು ಬೀಜದಂಗಡಿಯವರು. “ಹೋದ ಸಲದ್ದು? ಆ ಒಂದು ಸುತ್ತು ಎಲ್ಲಿಗೆ ಹೋಯ್ತು?”

“ಹೋದ ಸಲ ನಾನಿರ್ಲಿಲ್ಲ” ಎಂದೆ.

“ಅಂದ್ರೆ ನಿಮ್ಗೂ ಅನುಮಾನ ಇದೆ ಅಂತಾಯ್ತು!”

ಬಾಯಿ ಬಿಡಬೇಕು, ಬಿಡಬಾರದು ಎಂದು ನಾನು ಒದ್ದಾಡುತ್ತಿರುವಾಗ ಮುಳ್ಳಪ್ಪ ಪೆಟ್ಟಿಗೆಯನ್ನು ನೆಲಕ್ಕಿಟ್ಟು ಎದ್ದ.

“ಆ ಸುತ್ತು ಎಲ್ಲಿಗೂ ಹೋಗಿಲ್ಲ. ನಾನು ಹಿಂದಿನ ದಿನ ಚಿಪ್ ಬಿಚ್ಚಿದ್ದೆ. ಸೀಲು ಕೊಯ್ದು ಬಿಚ್ಚಿದ್ದೆ. ಒಳಗಡೆ ತಂತಿ ಕೆಡಿಸಿದ್ದೂ ನಾನೇ. ಬಿದ್ದುಹೋಯ್ತು ಅಂತ ಸುಳ್ಳು ಹೇಳಿದ್ದೂ ನಾನೇ.”

ಒಂದು ನಿಮಿಷ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಬಣ್ಣದಂಗಡಿಯವರು, ಸುತ್ತು ಕದ್ದಿದ್ದರೇ ವಾಸಿಯಿತ್ತು ಎಂದರು. ಅಧ್ಯಕ್ಷರು ಮೇಜು ಕುಟ್ಟಿದರು. “ಸೀಲು ಬಿಚ್ಚೋ ಕೈಗೆ ನಮ್ ತಕ್ಕಡಿ ಕೊ‌ಡೋದು ಹೇಗಪ್ಪ? ನೀನೇ ಹೇಳು. ಚಿಪ್ ಬಿಚ್ಚಿದೋನು ನಾಳೆ ತಕ್ಕಡಿ ಬಿಚ್ಚಲ್ಲ ಅಂತ ಏನು ಗ್ಯಾರಂಟಿ?”

ಮುಳ್ಳಪ್ಪನ ಮುಖದಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ಕೇಳಿದವರಿಗೆ ಲೆಕ್ಕ ಒಪ್ಪಿಸುವ ದನಿಯಲ್ಲಿ ಹೇಳಿದ: “ಗ್ಯಾರಂಟಿ ನಾನು ಹೇಗೆ ಕೊಡ್ಲಿ ಅಧ್ಯಕ್ಷರೇ. ನನಗೆ ಗೊತ್ತಿರೋದು ಇಷ್ಟು. ಚಿಪ್ ಯಾರೂ ಹೇಳ್ದೆ ಬಿಚ್ಚಿದೆ. ತಕ್ಕಡಿ, ಬಿಚ್ಚು ಅಂತ ಹೇಳಿದ್ರೂ ಬಿಚ್ಚಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲನೂ ಇಲ್ಲ. ಬೇಕಾದ್ರೆ ಹೇಳಿದೋರನ್ನೇ ಕೇಳಿ. ಎಲ್ರೂ ಇಲ್ಲೇ ಇದಾರೆ.”

ಬಣ್ಣದಂಗಡಿಯವರು ಮೇಲೆ ತಿರುಗುವ ಫ್ಯಾನನ್ನು ನೋಡಿದರು. ಬೀಜದಂಗಡಿಯವರು ತಮ್ಮ ಚಪ್ಪಲಿಯ ಪಟ್ಟಿಯನ್ನು ಇದೇ ಮೊದಲು ಕಂಡವರ ಹಾಗೆ ನೋಡತೊಡಗಿದರು. ಒಬ್ಬರಿಗೆ ಕೆಮ್ಮು ಬಂತು, ಒಬ್ಬರಿಗೆ ಫೋನ್ ಬಂದ ಹಾಗಾಯಿತು. ಸೀಲಿನ ಒಳಗೆ ಕಿಲೋಗೆ ಒಂದಿಷ್ಟು ಗ್ರಾಂ ಅನುಕೂಲ ಮಾಡಿಕೊಡು ಎಂದು ಮುಳ್ಳಪ್ಪನ ಕಿವಿಯಲ್ಲಿ ಕೇಳಿದವನು ಈ ಬೀದಿಯಲ್ಲಿ ನಾನೊಬ್ಬನೇ ಎಂದು ಎಷ್ಟೋ ವರ್ಷದಿಂದ ಒಳಗೊಳಗೇ ಚುಚ್ಚಿಸಿಕೊಳ್ಳುತ್ತಿದ್ದೆ. ಅವತ್ತು ಸುತ್ತ ಇದ್ದ ಮುಖಗಳನ್ನು ನೋಡಿ, ನನಗೆಷ್ಟು ದೊಡ್ಡ ಬಳಗವಿದೆ ಎಂದು ತಿಳಿಯಿತು. ಅಧ್ಯಕ್ಷರ ಕಿವಿಯ ತುದಿ ಎಲ್ಲರಿಗಿಂತ ಕೆಂಪಾಗಿತ್ತು.

ಅವರು ಗಂಟಲು ಸರಿಮಾಡಿಕೊಂಡರು. “ಆಟ ಬೇರೆ, ವ್ಯಾಪಾರ ಬೇರೆ. ಆಟದ ಸಾಮಾನು ಬಿಚ್ಚಿದ್ದು ಸಂಘದ ವಿಷಯ ಅಲ್ಲ. ಈ ವರ್ಷನೂ ಮುಳ್ಳಪ್ಪನೇ. ಯಾರದಾದ್ರೂ ಆಕ್ಷೇಪಣೆ?”

ಯಾರದೂ ಇರಲಿಲ್ಲ. ನಮ್ಮ ಸಂಘ ಅಷ್ಟು ಬೇಗ ಒಂದೇ ಮನಸ್ಸಿಗೆ ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮುಳ್ಳಪ್ಪ ಪೆಟ್ಟಿಗೆ ಎತ್ತಿಕೊಂಡು ಇಳಿದ. ಓಟದ ನೋವು ಇನ್ನೂ ಬಿಟ್ಟಿರಲಿಲ್ಲ. ಒಂದೊಂದು ಮೆಟ್ಟಿಲಿಗೂ ಅಡ್ಡ ತಿರುಗಿ ಕಾಲಿಡುತ್ತಿದ್ದ. ನಾನು ಹಿಂದೆಯೇ ಹೋದೆ. ಆ ಮಾತನ್ನು ಅವನು ಏನೂ ತಿಳಿಯದೆ ಆಡಿದನೋ, ಹಿಂದಿನ ದಿನವೇ ತೂಗಿ ಇಟ್ಟುಕೊಂಡಿದ್ದನೋ?

“ಅಲ್ಲಯ್ಯ, ಅವ್ರು ಒಪ್ಪದೆ ಇದ್ದಿದ್ರೆ ಹೆಸರುಗಳನ್ನ ಹೇಳಿಬಿಡ್ತಿದ್ಯಾ?”

“ಛೆ, ಛೆ! ಯಾರು ಕೇಳಿದ್ರು ಅಂತ ನಾನು ತಲೇಲಿ ಇಟ್ಕೊಳ್ಳಲ್ಲ ಸಾವ್ಕಾರ್ರೆ. ಆವಾಗ್ಲೇ ಮರ್ತುಬಿಡ್ತೀನಿ.”

ನನಗೆ ಉಸಿರು ಬಂತು. ಅವನು ಸೈಕಲ್ಲಿಗೆ ಪೆಟ್ಟಿಗೆ ಕಟ್ಟಿ, ಹಗ್ಗ ಎಳೆದು ನೋಡಿ, ಪೆಡಲಿನ ಮೇಲೆ ಕಾಲಿಟ್ಟ.

“ನಿಮ್ದು ಮೂವತ್ತು ಗ್ರಾಂ ಅಲ್ವಾ?”

“ಇಪ್ಪತ್ತೈದು” ಎಂದೆ.

“ಮೂವತ್ತು” ಎಂದು ಹೇಳಿ ಅವನು ಸೈಕಲ್ ತುಳಿದುಕೊಂಡು ಹೋದ.